ಖಾಲಿ ಸ್ಲಾಟಿನ ಕಥೆ: ಹಳೇ ಆಫೀಸ್ ಕಂಪ್ಯೂಟರಿನಲ್ಲಿ ಗೇಮ್ ಓಡುವುದು ಹೇಗೆ?

ಹೋದ ವರ್ಷ ದಸರಾ ರಜೆಯಲ್ಲಿ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ. ಡಿಗ್ರಿ ಎರಡನೇ ವರ್ಷದ ಹುಡುಗ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಆ ಸಲ ಗೂಡಿಗೆ ಒಳ್ಳೇ ರೇಟು ಸಿಕ್ಕಿತ್ತು, ಅವನ ಕೈಗೆ 16 ಸಾವಿರ ಬಂದಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 9 ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್, 7 ಸಾವಿರಕ್ಕೆ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ತಂದಿದ್ದ. ಆಸೆ ಇದ್ದದ್ದು ಜಿಟಿಎ 5 ಆಡುವುದಕ್ಕೆ.

"ಅಕ್ಕಾ, ಕಾರ್ಡ್ ಸ್ಲಾಟ್‌ನಲ್ಲಿ ಕೂತದೆ. ಆದ್ರೆ ಕಾರ್ಡ್ ತುದೀಲಿ ಇನ್ನೊಂದು ಆರು ಪಿನ್ನಿನ ಪ್ಲಗ್ ಅದೆ. ಅದಕ್ಕೆ ಹಾಕೋ ವೈರೇ ಡಬ್ಬದೊಳಗೆ ಇಲ್ಲ. ಏನ್ಮಾಡ್ಲಿ?"

ಫೋಟೋ ಕಳಿಸು ಅಂದೆ. ಎಸ್‌ಎಂಪಿಎಸ್ ಮೇಲಿನ ಲೇಬಲ್ಲಿನಲ್ಲಿ 290 ವ್ಯಾಟ್ ಅಂತಿತ್ತು. ಕಾರ್ಡು 120 ವ್ಯಾಟ್ ಎಳೆಯುವಂಥದ್ದು. ವಾಪಸ್ ಕೊಡಲು ಹೋದರೆ ಅಂಗಡಿಯವರು ದುಡ್ಡು ಕೊಡಲ್ಲ, ಬೇರೆ ಕಾರ್ಡ್ ಕೊಡ್ತೀವಿ, 1,500 ರೂಪಾಯಿ ಮುರ್ಕೊಳ್ತೀವಿ ಅಂದರು. ಹುಡುಗ ಒಪ್ಪಿಕೊಂಡು ಬಂದ.

ಆ 1,500 ರೂಪಾಯಿ ಹೋಗಿದ್ದು 75 ಅನ್ನುವ ಒಂದು ಸಂಖ್ಯೆ ಅವನಿಗೆ ಗೊತ್ತಿಲ್ಲದ್ದಕ್ಕೆ. ಆ ಸಂಖ್ಯೆ ಎಲ್ಲಿಂದ ಬಂತು, ಆಫೀಸ್ ಕೆಲಸಕ್ಕೆ ಮಾಡಿದ ಡಬ್ಬದಲ್ಲಿ ಗೇಮಿಂಗ್ ಕಾರ್ಡ್ ಹಾಕುವ ಜಾಗ ಯಾಕಿದೆ ಅಂತ ಹುಡುಕುತ್ತಾ ಹೋದರೆ ಕಥೆ ನಲವತ್ತು ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ.

ಎಂಟು ಸ್ಲಾಟ್ ಬೇಕು ಅಂದವರು

ಟ್ರ್ಯಾಕ್ಟರಿನ ಹಿಂದೆ ಕೊಂಡಿ ಇರುವುದರಿಂದ ತಾನೇ ಇವತ್ತು ನೇಗಿಲು, ನಾಳೆ ರೋಟವೇಟರ್, ನಾಡಿದ್ದು ಟ್ರೇಲರ್ ಹಾಕುತ್ತೇವೆ? ಕಂಪ್ಯೂಟರಿನ ಸ್ಲಾಟ್ ಕೂಡ ಅಂಥದ್ದೇ ಕೊಂಡಿ. ಆದರೆ ಅದು ಇರಲೇಬೇಕು ಅಂತ ಎಲ್ಲರೂ ಒಪ್ಪಿರಲಿಲ್ಲ.

1977ರಲ್ಲಿ ಅಮೆರಿಕದಲ್ಲಿ ಆಪಲ್ 2 ಕಂಪ್ಯೂಟರ್ ಬಂತು. ಕಂಪನಿ ಕಟ್ಟಿದ ಇಬ್ಬರ ನಡುವೆ ಸ್ಲಾಟಿನ ಬಗ್ಗೆಯೇ ಜಗಳ. ಸ್ಟೀವ್ ಜಾಬ್ಸ್ ಎರಡು ಸಾಕು ಅಂದರು: ಒಂದು ಪ್ರಿಂಟರಿಗೆ, ಒಂದು ಮೋಡೆಮ್‌ಗೆ. ಯಂತ್ರವನ್ನು ವಿನ್ಯಾಸ ಮಾಡಿದ ಸ್ಟೀವ್ ವೋಜ್ನಿಯಾಕ್ ಎಂಟು ಬೇಕೇ ಬೇಕು ಅಂತ ಪಟ್ಟು ಹಿಡಿದರು. ಎಂಟೇ ಆಯಿತು. ಏಳು ವರ್ಷದ ನಂತರ, 1984ರಲ್ಲಿ, ಅದೇ ಕಂಪನಿಯ ಮ್ಯಾಕಿಂಟಾಷ್ ಬಂದಾಗ ಅದರಲ್ಲಿ ಒಂದು ಸ್ಲಾಟೂ ಇರಲಿಲ್ಲ.

ನಡುವೆ, 1981ರ ಆಗಸ್ಟ್ 12ರಂದು, ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಹೊರತಂದಿತು. ಡಾನ್ ಎಸ್ಟ್ರಿಡ್ಜ್ ನೇತೃತ್ವದ ಸಣ್ಣ ತಂಡ ಫ್ಲೋರಿಡಾದ ಬೋಕಾ ರಟಾನ್ ಊರಿನಲ್ಲಿ ಸುಮಾರು ಒಂದು ವರ್ಷದಲ್ಲಿ ಅದನ್ನು ಮಾಡಿ ಮುಗಿಸಿತು. ಬೆಲೆ 1,565 ಡಾಲರಿನಿಂದ ಶುರು. ಅದರಲ್ಲಿ ಐದು ಸ್ಲಾಟ್ ಇದ್ದವು. ಪರದೆಯಲ್ಲಿ ಅಕ್ಷರ ಕಾಣಬೇಕಾದರೂ ಒಂದು ಕಾರ್ಡ್ ಹಾಕಲೇಬೇಕಿತ್ತು. ಅಂದರೆ ಪಿಸಿಯಲ್ಲಿ ಡಿಸ್‌ಪ್ಲೇ ಕಾರ್ಡ್ ಅನ್ನುವುದು ಮೊದಲ ದಿನದಿಂದಲೂ ಬೇರೆ ವಸ್ತು.

ಇನ್ನೂ ದೊಡ್ಡ ಮಾತು ಏನೆಂದರೆ, ಸ್ಲಾಟಿನ ಯಾವ ಪಿನ್ನಿನಲ್ಲಿ ಏನು ಹರಿಯುತ್ತದೆ ಅಂತ ಸರ್ಕ್ಯೂಟ್ ಚಿತ್ರ ಸಮೇತ ಐಬಿಎಂ ಪುಸ್ತಕ ಅಚ್ಚು ಹಾಕಿಸಿ ಮಾರಿತು. ಅದನ್ನು ಓದಿ ಯಾರು ಬೇಕಾದರೂ ಕಾರ್ಡ್ ಮಾಡಬಹುದಿತ್ತು. ಮಾಡಿದರು ಕೂಡ.

ತನ್ನ ಲಿಪಿಗಾಗಿ ಕಾರ್ಡ್ ಮಾಡಿದವನು

ಹಾಗೆ ಮಾಡಿದವರಲ್ಲಿ ವಾನ್ ಸುವನ್ನುಕುಲ್ ಒಬ್ಬರು. ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಥಾಯ್ ಲಿಪಿ ಬರೆಯಬೇಕಿತ್ತು. ಐಬಿಎಂನ ಒಂದು ಕಾರ್ಡಿನಲ್ಲಿ ಕಂಪನಿ ತುಂಬಿಸಿಟ್ಟ ಅಕ್ಷರಗಳಷ್ಟೇ ಬರುತ್ತಿದ್ದವು. ಇನ್ನೊಂದರಲ್ಲಿ ಚಿತ್ರ ಬರುತ್ತಿತ್ತು, ಆದರೆ ಚುಕ್ಕಿಗಳು ದಪ್ಪ, ಥಾಯ್ ಅಕ್ಷರದ ಮೇಲೆ ಕೆಳಗೆ ಬರುವ ಗುರುತುಗಳು ಕಾಣುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಕಾರ್ಡ್ ಮಾಡಿದರು. 1982ರಲ್ಲಿ ಹರ್ಕ್ಯುಲಿಸ್ ಹೆಸರಿನಲ್ಲಿ ಬಂದ ಆ ಕಾರ್ಡ್ ಅಡ್ಡ 720, ಉದ್ದ 348 ಚುಕ್ಕಿ ತೋರಿಸುತ್ತಿತ್ತು. ಅದು ಲೋಕವೆಲ್ಲ ಮಾರಾಟವಾಯಿತು.

ಒತ್ತಕ್ಷರ, ಗುಣಿತ ಇರುವ ನಮ್ಮ ಲಿಪಿಗೂ ಇದೇ ಕಷ್ಟ ಇತ್ತು. ಐಐಟಿ ಕಾನ್ಪುರದಲ್ಲಿ ಶುರುವಾದ ಸಂಶೋಧನೆಯನ್ನು ಪುಣೆಯ ಸಿ-ಡ್ಯಾಕ್ ಮುಂದುವರಿಸಿ ಜಿಸ್ಟ್ ಕಾರ್ಡ್ ತಂದಿತು. ಪಿಸಿಯ ಖಾಲಿ ಸ್ಲಾಟಿನಲ್ಲಿ ಅದನ್ನು ಕೂರಿಸಿದರೆ ಇಂಗ್ಲಿಷ್ ಮಾತ್ರ ಬಲ್ಲ ಡಾಸ್ ಪ್ರೋಗ್ರಾಮುಗಳಲ್ಲಿ ಕನ್ನಡ, ಹಿಂದಿ, ತಮಿಳು ಕಾಣುತ್ತಿದ್ದವು. ಆಮೇಲೆ ಆ ಕೆಲಸವನ್ನು ಸಾಫ್ಟ್‌ವೇರೇ ಮಾಡತೊಡಗಿತು, ಕಾರ್ಡ್ ಬೇಡವಾಯಿತು. ಇವತ್ತು ಗೇಮ್ ಕಾರ್ಡ್ ಕೂರುವ ಕೊಂಡಿಯ ಹಳೇ ರೂಪದಲ್ಲೇ ಒಂದು ಕಾಲಕ್ಕೆ ಕನ್ನಡವನ್ನೂ ಕೂರಿಸಿದ್ದರು.

1987ರಲ್ಲಿ ಐಬಿಎಂ ಮನಸ್ಸು ಬದಲಾಯಿಸಿತು. ಹೊಸ ಪಿಎಸ್/2 ಯಂತ್ರಗಳಲ್ಲಿ ಮೈಕ್ರೋ ಚಾನೆಲ್ ಎಂಬ ಬೇರೆ ಸ್ಲಾಟ್ ಇಟ್ಟು, ಅದನ್ನು ಬಳಸಲು ಬೇರೆ ಕಂಪನಿಗಳು ದುಡ್ಡು ಕಟ್ಟಿ ಲೈಸೆನ್ಸ್ ಪಡೆಯಬೇಕು ಅಂದಿತು. ಹಳೇ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ. ಮರುವರ್ಷ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಒಟ್ಟಾಗಿ, ಹಳೇ ಕಾರ್ಡೂ ಕೂರುವಂಥ ತಮ್ಮದೇ ಸ್ಲಾಟ್ ಘೋಷಿಸಿದವು. ಮೈಕ್ರೋ ಚಾನೆಲ್ ಸೋತಿತು. 1992ರಲ್ಲಿ ಇಂಟೆಲ್‌ನ ಪಿಸಿಐ ಬಂತು, ಅದನ್ನು ಎಲ್ಲರೂ ಒಪ್ಪಿಕೊಂಡರು.

ಒಬ್ಬ ಮೇಸ್ತ್ರಿ, ನೂರಾರು ಆಳು

ಗೇಮಿಗೆ ಬೇರೆ ಕಾರ್ಡ್ ಯಾಕೆ ಬೇಕು? ಲೆಕ್ಕ ಹಾಕಿ ನೋಡಿ. ಹಳೇ ಮಾನಿಟರಿನಲ್ಲಿ ಅಡ್ಡ 640, ಉದ್ದ 480 ಚುಕ್ಕಿ ಅಂದರೆ ಒಟ್ಟು 3,07,200. ಸೆಕೆಂಡಿಗೆ 30 ಚಿತ್ರ ಬೇಕೆಂದರೆ 92 ಲಕ್ಷ ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು. ಇವತ್ತಿನ ಫುಲ್ ಎಚ್‌ಡಿ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರ ಅಂದರೆ ಅದು 12 ಕೋಟಿ 44 ಲಕ್ಷ.

ಪ್ರೊಸೆಸರ್ ಅನ್ನುವುದು ಎಲ್ಲ ಕೆಲಸ ಬಲ್ಲ ಮೇಸ್ತ್ರಿ. ಆದರೆ ಒಂದು ಎಕರೆ ಗದ್ದೆ ನಾಟಿಗೆ ಒಬ್ಬ ಮೇಸ್ತ್ರಿಗಿಂತ ಸಾಲಾಗಿ ನಿಂತ ಇಪ್ಪತ್ತು ಆಳು ಬೇಕು. ಗ್ರಾಫಿಕ್ಸ್ ಕಾರ್ಡ್ ಆ ಸಾಲು.

1993ರ ಡಿಸೆಂಬರಿನಲ್ಲಿ ಬಂದ ಡೂಮ್ ಗೇಮನ್ನು ಮೇಸ್ತ್ರಿ ಒಬ್ಬನೇ ಓಡಿಸುತ್ತಿದ್ದ. 1996ರ ಕ್ವೇಕ್ ಬರುವಷ್ಟರಲ್ಲಿ ಅವನಿಗೆ ಸುಸ್ತಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಚಿಪ್ಪಿನ ಕಾರ್ಡುಗಳು ಸುಮಾರು 300 ಡಾಲರಿಗೆ ಅಂಗಡಿಗೆ ಬಂದವು. ಮೆಮೊರಿ 4 ಎಂಬಿ. ಅದು 3ಡಿ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಹಳೇ ಡಿಸ್‌ಪ್ಲೇ ಕಾರ್ಡಿನಿಂದ ಒಂದು ವೈರ್ ಎಳೆದು ಇದಕ್ಕೆ ಕೊಟ್ಟು, ಇದರಿಂದ ಮಾನಿಟರಿಗೆ ಕೊಡಬೇಕಿತ್ತು. ಮನೆಯಲ್ಲಿದ್ದ ಕಂಪ್ಯೂಟರನ್ನು ಬಿಸಾಕದೆ, ಒಂದು ಕಾರ್ಡ್ ಸೇರಿಸಿ ಗೇಮಿಂಗ್ ಯಂತ್ರ ಮಾಡಿಕೊಳ್ಳುವ ರೂಢಿ ಹರಡಿದ್ದು ಆ ಕಾಲದಲ್ಲಿ.

1993ರಲ್ಲಿ ಶುರುವಾಗಿದ್ದ ಎನ್ವಿಡಿಯಾ 1999ರಲ್ಲಿ ಜೀಫೋರ್ಸ್ 256 ತಂದು, ಅದನ್ನು ಜಿಪಿಯು ಅಂತ ಕರೆದು ಪ್ರಚಾರ ಮಾಡಿತು. 2000ದ ಕೊನೆಗೆ ಸೋತುಹೋದ 3ಡಿಎಫ್‌ಎಕ್ಸ್‌ನ ಆಸ್ತಿಯನ್ನೂ ಅದೇ ಕೊಂಡಿತು.

ಅಗ್ಗದ ಕಂಪ್ಯೂಟರಿನಲ್ಲಿ ಕೊಂಡಿ ಮಾಯ

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ನಡೆದಿತ್ತು. 1998ರಲ್ಲಿ ಶುರುವಾದ ಇ-ಮಷೀನ್ಸ್ 400-500 ಡಾಲರಿಗೆ ಪೂರ್ತಿ ಕಂಪ್ಯೂಟರ್ ಮಾರತೊಡಗಿತು. ಅಷ್ಟು ಅಗ್ಗ ಮಾಡಬೇಕೆಂದರೆ ಏನಾದರೂ ಬಿಡಲೇಬೇಕಲ್ಲ. 1999ರ ಇಂಟೆಲ್ 810 ಚಿಪ್‌ಸೆಟ್ಟಿನಲ್ಲಿ ಗ್ರಾಫಿಕ್ಸ್ ಒಳಗೇ ಸೇರಿತ್ತು. ಆ ಕಾಲದ ಗ್ರಾಫಿಕ್ಸ್ ಕಾರ್ಡುಗಳಿಗೆಂದೇ ಇದ್ದ ಎಜಿಪಿ ಸ್ಲಾಟ್ ಆ ಬೋರ್ಡುಗಳಲ್ಲಿ ಇರಲಿಲ್ಲ.

ಅಗ್ಗದ ಕಂಪ್ಯೂಟರ್ ಕೊಂಡವರಿಗೆ ಇದು ಗೊತ್ತಾಗುತ್ತಿದ್ದದ್ದು ಹೊಸ ಕಾರ್ಡ್ ತಂದು, ಡಬ್ಬ ಬಿಚ್ಚಿದ ಮೇಲೆ. ಕಾರ್ಡ್ ಕಂಪನಿಗಳಿಗೂ ಇದು ಗೊತ್ತಿತ್ತು. 2003ರ ಜೀಫೋರ್ಸ್ ಎಫ್‌ಎಕ್ಸ್ 5200 ಕಾರ್ಡನ್ನು ಎಜಿಪಿ ಇಲ್ಲದವರಿಗಾಗಿ ಹಳೇ ಪಿಸಿಐ ಸ್ಲಾಟಿಗೂ ಮಾಡಿ ಮಾರಿದರು. ನಿಧಾನ ಓಡುತ್ತಿತ್ತು, ಆದರೂ ಓಡುತ್ತಿತ್ತು.

75 ವ್ಯಾಟ್ ಬಂದ ಬಗೆ

ಈಗ ಕರೆಂಟಿನ ವಿಷಯ. ಸಿಂಗಲ್ ಫೇಸ್ ಲೈನಿಗೆ ದೊಡ್ಡ ಬೋರ್‌ವೆಲ್ ಮೋಟರ್ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

1981ರ ಐಬಿಎಂ ಪಿಸಿಯ ಪವರ್ ಸಪ್ಲೈ 63.5 ವ್ಯಾಟಿನದು. ಬೋರ್ಡ್, ಫ್ಲಾಪಿ ಡ್ರೈವ್, ಐದು ಸ್ಲಾಟ್ ಎಲ್ಲ ಸೇರಿ ಅಷ್ಟೇ. 2000ದಲ್ಲಿ ವೂಡೂ 5 ಕಾರ್ಡಿಗೆ ಸ್ಲಾಟಿನ ಕರೆಂಟ್ ಸಾಲದೆ ಹಾರ್ಡ್ ಡಿಸ್ಕಿನ ಪವರ್ ಪ್ಲಗ್ಗನ್ನೇ ತಂದು ಚುಚ್ಚಬೇಕಾಯಿತು. 2002ರ ರೇಡಿಯಾನ್ 9700 ಪ್ರೋ ಕಾರ್ಡಿಗೆ ಫ್ಲಾಪಿ ಡ್ರೈವಿನ ಪ್ಲಗ್.

2004ರ ಹೊತ್ತಿಗೆ ಬೋರ್ಡುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬಂತು. ಗ್ರಾಫಿಕ್ಸ್ ಕಾರ್ಡ್ ಆ ಉದ್ದ ಸ್ಲಾಟಿನಿಂದ ಹೆಚ್ಚೆಂದರೆ 75 ವ್ಯಾಟ್ ಎಳೆಯಬಹುದು ಅಂತ ನಿಯಮವಾಯಿತು. ಅದರಲ್ಲಿ 66 ವ್ಯಾಟ್ 12 ವೋಲ್ಟಿನ ಲೈನಿನಿಂದ, ಉಳಿದದ್ದು 3.3 ವೋಲ್ಟಿನಿಂದ. ಮೊದಲ ಪಿಸಿ ಪೂರ್ತಿಗೆ ಸಾಕಾಗಿದ್ದಕ್ಕಿಂತ ಜಾಸ್ತಿ ಕರೆಂಟ್ ಈಗ ಒಂದೇ ಸ್ಲಾಟಿಗೆ. ಇನ್ನೂ ಬೇಕೆಂದರೆ ಎಸ್‌ಎಂಪಿಎಸ್‌ನಿಂದ ನೇರ ವೈರ್: ಆರು ಪಿನ್ನಿನದು ಇನ್ನೊಂದು 75, ಎಂಟು ಪಿನ್ನಿನದು 150 ವ್ಯಾಟ್ ಕೊಡುತ್ತದೆ.

ಕಾರ್ಡುಗಳು ಬೆಳೆಯುತ್ತಲೇ ಹೋದವು. 2010ರ ಜಿಟಿಎಕ್ಸ್ 480 ಒಂದೇ 250 ವ್ಯಾಟಿನದು. ಆಫೀಸ್ ಕಂಪ್ಯೂಟರುಗಳಲ್ಲಿ ಮಾತ್ರ 240ರಿಂದ 300 ವ್ಯಾಟಿನ ಎಸ್‌ಎಂಪಿಎಸ್, ಆರು ಪಿನ್ನಿನ ವೈರೇ ಇಲ್ಲ. ಟೈಪಿಂಗ್, ಲೆಕ್ಕ ಮಾಡುವ ಯಂತ್ರಕ್ಕೆ ಯಾಕೆ ಬೇಕು? ಹಾಗಾಗಿ ಸ್ಲಾಟ್ ಖಾಲಿ ಇದ್ದರೂ ಅದರಲ್ಲಿ ಹಾಕುವ ಒಳ್ಳೇ ಕಾರ್ಡ್ ಸಿಗುವುದು ಕಷ್ಟವಾಗಿತ್ತು.

2014ರ ಫೆಬ್ರವರಿ

2014ರ ಫೆಬ್ರವರಿ 18ರಂದು ಎನ್ವಿಡಿಯಾ ಜಿಟಿಎಕ್ಸ್ 750 ಟಿಐ ಬಿಡುಗಡೆ ಮಾಡಿತು. ಬೆಲೆ 149 ಡಾಲರ್, ಎಳೆಯುವ ಕರೆಂಟ್ 60 ವ್ಯಾಟ್. ಅದಕ್ಕೂ ಹಿಂದಿನ 650 ಟಿಐ 110 ವ್ಯಾಟ್ ಎಳೆಯುತ್ತಿತ್ತು, ಪ್ಲಗ್ ಬೇರೆ ಬೇಕಿತ್ತು. ಹೊಸದು ಅದಕ್ಕಿಂತ ಜೋರಾಗಿ ಓಡುತ್ತಿತ್ತು, ಪ್ಲಗ್ಗೂ ಬೇಡ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡಲೆಂದೇ ಚಿಪ್ಪಿನ ಒಳಗಿನ ವಿನ್ಯಾಸ ಬದಲಾಯಿಸಿದ್ದರು. ಮ್ಯಾಕ್ಸ್‌ವೆಲ್ ಅಂತ ಆ ವಿನ್ಯಾಸದ ಹೆಸರು.

ವಿಮರ್ಶಕರು ಅಂಗಡಿಯಿಂದ ಸಾಧಾರಣ ಕಂಪ್ಯೂಟರ್ ತಂದು, ಒಂದು ಸ್ಕ್ರೂ ಬಿಚ್ಚಿ, ಈ ಕಾರ್ಡ್ ಕೂರಿಸಿ ಗೇಮ್ ಓಡಿಸಿ ತೋರಿಸಿದರು. 2015ರ ಏಪ್ರಿಲಿನಲ್ಲಿ ಜಿಟಿಎ 5 ಪಿಸಿಗೆ ಬಂದಾಗ ಹಳೇ ಆಫೀಸ್ ಡಬ್ಬದಲ್ಲಿ ಈ ಕಾರ್ಡ್ ಹಾಕಿಕೊಂಡು ಆಡಿದವರು ಜಗತ್ತಿನಾದ್ಯಂತ ಇದ್ದರು. 2016ರ ಅಕ್ಟೋಬರಿನಲ್ಲಿ ಜಿಟಿಎಕ್ಸ್ 1050 ಟಿಐ ಬಂತು: 4 ಜಿಬಿ, ಸರಿಯಾಗಿ 75 ವ್ಯಾಟ್, 139 ಡಾಲರ್. 2019ರ ಏಪ್ರಿಲಿನಲ್ಲಿ 75 ವ್ಯಾಟಿನ ಜಿಟಿಎಕ್ಸ್ 1650. ನನ್ನ ತಮ್ಮನಿಗೆ ಕೊನೆಗೆ ಸಿಕ್ಕಿದ್ದು 1050 ಟಿಐ.

ನಡುವೆ ಕ್ರಿಪ್ಟೋ ದಂಧೆ ಅಡ್ಡ ಬಂತು. 2017ರಲ್ಲಿ ಒಮ್ಮೆ, 2020ರ ಕೊನೆಯಿಂದ 2022ರವರೆಗೆ ಇನ್ನೊಮ್ಮೆ ಈಥೀರಿಯಂ ನಾಣ್ಯ ಅಗೆಯುವವರು ಕಾರ್ಡುಗಳನ್ನು ಗಂಟುಗಟ್ಟಲೆ ಎತ್ತಿಕೊಂಡರು. ಬೆಲೆ ಗಗನಕ್ಕೇರಿತು. ಆದರೆ ಅಗೆಯಲು ಬೇಕಾದ ಫೈಲ್ 2020ರ ಕೊನೆಗೆ 4 ಜಿಬಿ ದಾಟಿತು, 4 ಜಿಬಿಯ ಕಾರ್ಡ್ ಅವರಿಗೆ ಕೆಲಸಕ್ಕೆ ಬಾರದಾಯಿತು. 2021ರಲ್ಲಿ ಎನ್ವಿಡಿಯಾ ಐದು ವರ್ಷ ಹಳೆಯ 1050 ಟಿಐ ಅನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಅಗೆಯುವ ಪದ್ಧತಿಯನ್ನೇ ಕೈಬಿಟ್ಟಿತು. ಆಮೇಲೆ ಬಳಸಿ ಬಿಟ್ಟ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ರಾಶಿ ಬಿದ್ದವು.

ಕೊಂಡಿ ಮತ್ತೆ ಮುಚ್ಚುತ್ತಿದೆ

ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ಡಿಸೈನ್ ಕೇಂದ್ರವನ್ನು ಅಲ್ಲೇ ತೆರೆಯಿತು. ಅದೇ ಊರಿನ ಆಫೀಸುಗಳು ಬದಲಾಯಿಸಿದ ಕಂಪ್ಯೂಟರುಗಳು ಎಸ್.ಪಿ. ರೋಡಿಗೆ ಬಂದು, ಅಲ್ಲಿಂದ ನಮ್ಮ ಹಳ್ಳಿಗಳಿಗೆ ಬರುತ್ತವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿನಿಂದ ಈಚೆಯ ಪ್ರೊಸೆಸರ್ ಕೇಳುತ್ತದೆ. ಹಾಗಾಗಿ ಚೆನ್ನಾಗಿ ಓಡುವ ಹಳೇ ಡಬ್ಬಗಳನ್ನೂ ಆಫೀಸುಗಳು ಬಿಡುತ್ತಿವೆ.

ಆದರೆ ಅವುಗಳ ಜಾಗಕ್ಕೆ ಹಲವು ಆಫೀಸುಗಳು ತರುತ್ತಿರುವುದು ಟಿಫನ್ ಬಾಕ್ಸಿನಷ್ಟು ದೊಡ್ಡ ಮಿನಿ ಪಿಸಿ. ಅದಕ್ಕೆ ಲ್ಯಾಪ್‌ಟಾಪಿನ ಹಾಗೆ ಹೊರಗಿನ ಅಡಾಪ್ಟರ್, ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟ್ ಇಲ್ಲ. ಟವರ್ ಡಬ್ಬಗಳಲ್ಲೂ ಕೆಲವು ದೊಡ್ಡ ಕಂಪನಿಗಳು ಮದರ್‌ಬೋರ್ಡಿಗೆ ತಮ್ಮದೇ ಆಕಾರದ ಪವರ್ ಪ್ಲಗ್ ಇಟ್ಟಿವೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸ್‌ಎಂಪಿಎಸ್ ನೇರವಾಗಿ ಅದಕ್ಕೆ ಕೂರುವುದಿಲ್ಲ. ನೀವು ಇದನ್ನು ಓದುತ್ತಿರುವ ಫೋನಿನಲ್ಲೂ ಗ್ರಾಫಿಕ್ಸ್ ಇದೆ, ಪ್ರೊಸೆಸರ್ ಜೊತೆ ಒಂದೇ ಚಿಪ್ಪಿನಲ್ಲಿ. ಅದು ಸಾಲದಾದರೆ ಫೋನನ್ನೇ ಬದಲಾಯಿಸಬೇಕು.

ಒಂದು ಬೆಳೆಯ ದುಡ್ಡಿನಲ್ಲಿ ಡಬ್ಬ, ಇನ್ನೊಂದು ಬೆಳೆಯ ದುಡ್ಡಿನಲ್ಲಿ ಕಾರ್ಡ್ ಅಂತ ಕಂತಿನಲ್ಲಿ ಕಂಪ್ಯೂಟರ್ ಕಟ್ಟಿಕೊಳ್ಳಲು ಆಗುವುದು ಆ ಖಾಲಿ ಸ್ಲಾಟ್ ಇದ್ದರೆ ಮಾತ್ರ. ನಮ್ಮಂಥವರ ಮನೆಗಳಿಗೆ ಅದು ಸಣ್ಣ ವಿಷಯ ಅಲ್ಲ. ಗೇಮಿಗೆ ಅಂತ ಹಾಕಿದ ಅದೇ ಕಾರ್ಡಿನಲ್ಲಿ ವಿಡಿಯೋ ಎಡಿಟಿಂಗ್ ಕಲಿತು, ಮದುವೆ ವಿಡಿಯೋ ಮಾಡಿ ಸಂಪಾದಿಸುವ ಹುಡುಗರನ್ನೂ ನಾನು ನೋಡಿದ್ದೇನೆ.

ದುಡ್ಡು ಕೊಡುವ ಮುಂಚೆ

ಅಂಗಡಿಯವರಿಗೆ ಡಬ್ಬದ ಪಕ್ಕದ ಮುಚ್ಚಳ ತೆಗೆಯಲು ಹೇಳಿ. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದೆಯಾ ನೋಡಿ. ಎಸ್‌ಎಂಪಿಎಸ್ ಲೇಬಲ್ಲಿನ ಫೋಟೋ ಫೋನಿನಲ್ಲೇ ತೆಗೆದುಕೊಳ್ಳಿ. ಆರು ಪಿನ್ನಿನ ವೈರ್ ಇಲ್ಲದಿದ್ದರೆ ಪ್ಲಗ್ ಇಲ್ಲದ, 75 ವ್ಯಾಟಿನೊಳಗಿನ ಕಾರ್ಡ್ ಮಾತ್ರ ಕೇಳಿ. ಕೆಲವು ಆಫೀಸ್ ಡಬ್ಬಗಳ ಸ್ಲಾಟ್ 75 ವ್ಯಾಟನ್ನೂ ಪೂರ್ತಿ ಕೊಡುವುದಿಲ್ಲ, ಆ ಮಾಡೆಲ್ ಹೆಸರು ಹಾಕಿ ಮೊದಲೇ ಹುಡುಕಿ ನೋಡಿ. ಡಬ್ಬ ಸಣ್ಣದಿದ್ದರೆ ಅರ್ಧ ಎತ್ತರದ ಕಾರ್ಡ್ ಬೇಕಾಗುತ್ತದೆ.

ಹಾರ್ಡ್ ಡಿಸ್ಕಿನ ಸಾಟಾ ಪ್ಲಗ್ಗಿನಿಂದ ಆರು ಪಿನ್ ಮಾಡಿಕೊಡುವ ಅಡಾಪ್ಟರ್ ಕೊಟ್ಟರೆ ಬೇಡ ಅನ್ನಿ. ಸಾಟಾ ಪ್ಲಗ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್, ಆರು ಪಿನ್ನಿನಿಂದ ಕಾರ್ಡ್ 75 ಎಳೆಯಬಹುದು. ಪ್ಲಗ್ ಕರಗಿ ಹೊಗೆ ಬಂದ ಉದಾಹರಣೆಗಳಿವೆ.

ಹೊಸ ಕಾರ್ಡುಗಳಲ್ಲೂ ಒಂದು ಮಾತು ನೆನಪಿರಲಿ. 2022ರ ರೇಡಿಯಾನ್ ಆರ್‌ಎಕ್ಸ್ 6400 ಬರೀ 53 ವ್ಯಾಟಿನದು, ಆದರೆ ಸ್ಲಾಟಿನ ನಾಲ್ಕೇ ದಾರಿ ಬಳಸುತ್ತದೆ, ಹಳೇ ಬೋರ್ಡಿನಲ್ಲಿ ವೇಗ ಕಳೆದುಕೊಳ್ಳುತ್ತದೆ. 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟಿನದು, ಸದ್ಯ ಈ ಸಾಲಿನಲ್ಲಿ ಗಟ್ಟಿ. ಅದೇ ಹೆಸರಿನ 8 ಜಿಬಿ ಮಾದರಿಗೆ ಮಾತ್ರ ಬೇರೆ ಪ್ಲಗ್ ಬೇಕು, ಗಡಿಬಿಡಿಯಲ್ಲಿ ಅದನ್ನು ತರಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ಅಲ್ಲೇ ಕೂರಿಸಿ, ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಮ್ ಹಾಕಿ ನೋಡಿ. ಹಳೇ ಕಾರ್ಡಿಗೆ 1050 ಟಿಐ ಅಂತ ಸುಳ್ಳು ಹೆಸರು ಬರೆದು ಮಾರುವವರಿದ್ದಾರೆ, ಅಂಥ ಎಷ್ಟೋ ನಕಲಿಗಳನ್ನು ಅದು ಹಿಡಿದು ತೋರಿಸುತ್ತದೆ.

ಮುಚ್ಚಳ ತೆಗೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಆ ರೋಡಿನಲ್ಲಿ ಇನ್ನೂ ಬೇಕಾದಷ್ಟು ಅಂಗಡಿಗಳಿವೆ.